ಫೋನಿನ ಮಗ್ಗಕ್ಕೂ ಅಮಾವಾಸ್ಯೆ

ಅಮರೇಶನ ಫೋನಿಗೆ ಅವನ ತಾಯಿ ಅಂಬವ್ವ ಕುಂಕುಮ ಹಚ್ಚಿದ್ದೇ ಆ ದಿನದ ಎಲ್ಲ ರಗಳೆಗೂ ಮೂಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜಳಕ ಮುಗಿಸಿ ತಲೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದ ಅಮರೇಶನಿಗೆ ಚಾರ್ಜಿಗೆ ಹಚ್ಚಿದ್ದ ಫೋನು ಕಾಣಲಿಲ್ಲ. ದಿಂಬಿನ ಕೆಳಗೆ ನೋಡಿದ, ಅಂಗಿಯ ಜೇಬು ತಡಕಿದ, ಕೊನೆಗೆ ಜೋಳದ ಡಬ್ಬಿಯ ಹಿಂದೆಯೂ ಇಣುಕಿದ. ಅದು ಸಿಕ್ಕಿದ್ದು ದೇವರ ಜಗಲಿಯ ಮೇಲೆ. ಬನಶಂಕರಿಯ ಫೋಟೋಕ್ಕೆ ಆನಿಸಿ ನೆಟ್ಟಗೆ ನಿಲ್ಲಿಸಿ, ಅಡ್ಡಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ರೂಪಾಯಿಯಗಲ ಕುಂಕುಮವಿಟ್ಟು, ನೆತ್ತಿಯ ಮೇಲೊಂದು ಚೆಂಡುಹೂ ಏರಿಸಲಾಗಿತ್ತು. ಮುಂದೆ ಎಣ್ಣೆದೀಪ ಉರಿಯುತ್ತಿತ್ತು. ಫೋನು ಮದುವೆಗೆ ಕೂತ ವರನ ಹಾಗೆ ಮಿಕಮಿಕ ನೋಡುತ್ತಿತ್ತು.

"ಇವತ್ತ ಅಮಾಸಿ," ಎಂದಳು ಅಂಬವ್ವ. "ಮಗ್ಗಕ್ಕ ಕೈ ಹಚ್ಚಬಾರದು. ನಾಳಿ ಹೊತ್ತು ಹುಟ್ಟಿದ ಮ್ಯಾಲೆ ತಗೋ."

ಫೋನು ಮಗ್ಗವಾದದ್ದು ಹೇಗೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಅಂಬವ್ವನಿಗೆ ತಲೆ ಕೆಟ್ಟಿದೆ ಎಂದು ಓದುವವರು ತಿಳಿದಾರು. ಆ ಮನೆಯಲ್ಲಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳದೇ.

ಅಮರೇಶ ಇಳಕಲ್‌ನ ನೇಕಾರರ ಓಣಿಯಲ್ಲಿ ಹುಟ್ಟಿದವನು. ಹಾಗೆಂದು ನೇಕಾರನಲ್ಲ. ಊರಾಚೆಯ ಗ್ರಾನೈಟ್ ಪಾಲಿಶ್ ಕಾರ್ಖಾನೆಯೊಂದರಲ್ಲಿ ಲಾರಿಗಳಿಗೆ ಚೀಟಿ ಬರೆದುಕೊಡುವ ಗುಮಾಸ್ತ. ಹುಡುಗನಿದ್ದಾಗ ಅಪ್ಪ ಕಾಳಪ್ಪ ಅವನನ್ನು ಕುಣಿಮಗ್ಗದಲ್ಲಿ ಇಳಿಸಿ ಕೂರಿಸಿ ನೋಡಿದ್ದ. ಅವನು ನೇಯ್ದ ಮೊದಲ ಮೊಳ ಬಟ್ಟೆಯನ್ನು ಓಣಿ ಬಹಳ ದಿನ ನೆನೆಯಿತು. ಅದು ಚಹಾ ಸೋಸುವುದಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡನೆಯ ಮೊಳ ನೇಯುವ ಮೊದಲೇ ಅವನು ಹುನಗುಂದದ ಕಾಲೇಜಿನ ದಾರಿ ಹಿಡಿದ. ಕಾಳಪ್ಪ ಮಗ್ಗದ ಚಿಂತೆಯಲ್ಲೇ ಕಣ್ಣು ಮುಚ್ಚಿದ. ಮಗ್ಗ ಬಿಚ್ಚಿ ಅಟ್ಟಕ್ಕೇರಿತು, ಕುಣಿಯ ಮೇಲೆ ಬಂಡೆ ಮುಚ್ಚಿದರು. ಅಂಬವ್ವ ಮಾತ್ರ ಅರವತ್ತೆಂಟರಲ್ಲೂ ಓಣಿಯ ಮನೆಮನೆಗೆ ಹೋಗಿ ಸೀರೆಗೆ ಕೊಂಡಿ ಹಾಕಿ ಬರುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದಾಗಿ ಸಿಕ್ಕಿಸಿ ಜೋಡಿಸುವ ಕೆಲಸ ಅದು. ಅವಳ ಕೈಯ ಕೊಂಡಿ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಎಂಟು ತಿಂಗಳ ಹಿಂದೆ ಅಮರೇಶ ಫೋನಿಗೆ ಒಂದು ಆಟ ಇಳಿಸಿಕೊಂಡ. ಕೋಟೆ, ಮಾಂತ್ರಿಕರು, ಬೆಂಕಿಯುಗುಳುವ ಸರ್ಪಗಳ ಲೋಕ. ಅಲ್ಲಿ ಕತ್ತಿ ಹಿಡಿದು ಕಾದಾಡುವುದರ ಜೊತೆಗೆ ಪ್ರತಿಯೊಬ್ಬನೂ ಒಂದು ಕಸುಬು ಹಿಡಿಯಬೇಕು. ಕಮ್ಮಾರನಾಗಬಹುದು, ಔಷಧ ಕುದಿಸಬಹುದು, ಅಡಿಗೆ ಮಾಡಬಹುದು, ನೇಯಬಹುದು. ಅಮರೇಶನ ಬೆರಳು ಅದ್ಯಾಕೋ ನೇಕಾರನ ಮೇಲೆ ಬಿತ್ತು. ಕಾಡಿಗೆ ಹೋಗಿ ಜೇಡಗಳ ರೇಷ್ಮೆ ಕೂಡಿಸು, ನೂಲು ತೆಗೆ, ಬಣ್ಣ ಕಟ್ಟು, ಮಗ್ಗಕ್ಕೆ ಏರಿಸು. ಮಾಡಿದಷ್ಟೂ ಹಂತ ಮೇಲೇರುತ್ತದೆ. ಯಾವ ಕೆಲಸ ತಪ್ಪಿಸಿಕೊಳ್ಳಲು ಹದಿನೆಂಟಕ್ಕೆ ಹುನಗುಂದಕ್ಕೆ ಓಡಿದ್ದನೋ ಅದನ್ನೇ ಮೂವತ್ತೊಂಬತ್ತಕ್ಕೆ ದಿನಕ್ಕೆ ಮೂರು ತಾಸು ಪುಕ್ಕಟೆ ಮಾಡತೊಡಗಿದ. ಮಾಡಿ ಮಾಡಿ ನೂರನೆಯ ಹಂತ ಮುಟ್ಟಿ ಮಹಾನೇಕಾರನಾದ. ಇಪ್ಪತ್ತು ಜನರ ಒಂದು ತಂಡ ಅವನನ್ನು ಸೇರಿಸಿಕೊಂಡಿತು. ತಂಡದ ನಾಯಕನ ಹೆಸರು ಬ್ಲ್ಯಾಕ್ ಟೈಗರ್. ಯಾವ ದೇಶದವನೋ ಆ ದೇವರಿಗೇ ಗೊತ್ತು. ಅವನು ಅಮರೇಶನನ್ನು "ಮಾಸ್ಟರ್" ಎಂದು ಕರೆಯುತ್ತಿದ್ದ. ಕಾರ್ಖಾನೆಯಲ್ಲಿ ಲಾರಿಯವರು ಅವನನ್ನು ಕರೆಯುತ್ತಿದ್ದದ್ದು "ಏ ಚೀಟಿ" ಎಂದು.

ಆಟ ಶುರುವಾದ ಮೊದಲ ವಾರದಲ್ಲೇ ಒಂದು ದಿನ ಅಂಬವ್ವ, ಇಷ್ಟು ದೊಡ್ಡ ಕತ್ತೆಯಾಗಿ ಫೋನಿನಲ್ಲಿ ಆಟ ಆಡುತ್ತೀಯಲ್ಲ ಎಂದು ಬೈದಳು. ಅಮರೇಶ ತಟ್ಟನೆ ಪರದೆಯ ಮೇಲಿನ ಮಗ್ಗ ತೋರಿಸಿ, ಆಟವಲ್ಲ, ನೇಯುತ್ತಿದ್ದೇನೆ, ಇದು ಈಗಿನ ಕಾಲದ ಮಗ್ಗ, ದೂರದೇಶದವರಿಗೆ ಬಟ್ಟೆ ಹೋಗುತ್ತದೆ ಎಂದುಬಿಟ್ಟ. ಅಂಬವ್ವನ ಕಣ್ಣಲ್ಲಿ ನೀರು ಬಂತು. ಗಂಡನ ಫೋಟೋದ ಮುಂದೆ ಹೋಗಿ ಏನೋ ಹೇಳಿ ಬಂದಳು. ಸಂಜೆಯೊಳಗೆ ಸುದ್ದಿ ಓಣಿ ತುಂಬಿತು. ಅಂದಿನಿಂದ ಅವನು ಫೋನು ಹಿಡಿದು ಕೂತರೆ ಯಾರೂ ಮಾತಾಡಿಸುವಂತಿಲ್ಲ. ಹೆಂಡತಿ ಮಹೇಶ್ವರಿ ಚಹಾ ತಂದು ಪಕ್ಕದಲ್ಲಿಟ್ಟು ಸಪ್ಪಳ ಮಾಡದೆ ಹೋಗುತ್ತಿದ್ದಳು. ಮನೆಗೆಲಸ ಅವನ ಹತ್ತಿರ ಸುಳಿಯಲಿಲ್ಲ. ಒಂದು ಸುಳ್ಳಿಗೆ ಇಷ್ಟೊಂದು ಸುಖವಿರುವುದು ಅಪರೂಪ.

ಕೆಡಿಸಿದವಳು ಪಕ್ಕದ ಮನೆಯ ಲಾಲಬಿ. ಅವಳೂ ಹಳೆಯ ನೇಕಾರ್ತಿ, ಓಣಿಯ ಕಟ್ಟುಕಟ್ಟಳೆಯೆಲ್ಲ ಬಾಯಿಪಾಠ. ಶನಿವಾರ ಬಾವಿಕಟ್ಟೆಯಲ್ಲಿ ಅವಳು ಅಂಬವ್ವನನ್ನು ಕೇಳಿದಳಂತೆ: ಅಮಾವಾಸ್ಯೆಗೆ ಓಣಿಯ ಮಗ್ಗವೆಲ್ಲ ನಿಲ್ಲುತ್ತವೆ, ನಿನ್ನ ಮಗ ಮಾತ್ರ ಆವತ್ತೂ ನೇಯುತ್ತಾನಲ್ಲ, ಮನೆಗೆ ಒಳ್ಳೆಯದೇನು? ಅಂಬವ್ವನಿಗೆ ನಿದ್ದೆ ಹತ್ತಲಿಲ್ಲ. ಎಂಟು ಅಮಾವಾಸ್ಯೆಗಳ ದೋಷ ಒಮ್ಮೆಗೇ ನೆನಪಾಯಿತು. ಬೆಳಗಾಗುತ್ತಲೇ ಫೋನು ಜಗಲಿ ಏರಿತು.

ಬೇರೆ ಯಾವ ಭಾನುವಾರವಾದರೂ ಅಮರೇಶ ಸಹಿಸುತ್ತಿದ್ದ. ಆದರೆ ಆ ದಿನ ಸಂಜೆ ಐದಕ್ಕೆ ತಂಡ ಅಗ್ನಿಸರ್ಪದ ಗವಿಗೆ ನುಗ್ಗುವುದಿತ್ತು. ಮುಂದೆ ನಿಲ್ಲುವ ನಾಯಕನಿಗೆ ಬೆಂಕಿ ತಾಗದ ನಿಲುವಂಗಿ ಬೇಕು. ಅದಕ್ಕೆ ಬೇಕಾದ ರೇಷ್ಮೆಯನ್ನು ಇಪ್ಪತ್ತು ಜನ ಮೂರು ತಿಂಗಳು ಕೂಡಿಸಿ ಅಮರೇಶನ ಕೈಗೆ ಕೊಟ್ಟಿದ್ದರು. ನೇಯುವುದು ಮಾತ್ರ ಬಾಕಿ. ಐದರೊಳಗೆ ಅಂಗಿ ತಲುಪದಿದ್ದರೆ ಬೇರೆ ನೇಕಾರನನ್ನು ಹುಡುಕಿಕೊಳ್ಳುತ್ತೇವೆ ಎಂದು ಬ್ಲ್ಯಾಕ್ ಟೈಗರ್ ಹಿಂದಿನ ದಿನವೇ ಬರೆದಿದ್ದ. ಜಗತ್ತಿನಲ್ಲಿ ತನ್ನನ್ನು ಮಾಸ್ಟರ್ ಎನ್ನುವ ಏಕೈಕ ಜಾಗ ಕೈತಪ್ಪಿ ಹೋಗುವುದರಲ್ಲಿತ್ತು.

ಅವನು ತಾಯಿಗೆ ಬಗೆಬಗೆಯಾಗಿ ಹೇಳಿ ನೋಡಿದ. ಗಿರಾಕಿ ಕಾಯುತ್ತಿದ್ದಾನೆ ಎಂದ. ಗಿರಾಕಿಗೂ ಅಮಾವಾಸ್ಯೆ ಇರುತ್ತದೆ ಎಂದಳು. ಅವರ ದೇಶದಲ್ಲಿ ಇರುವುದಿಲ್ಲ ಎಂದ. ಚಂದ್ರ ಅಲ್ಲಿಗೆ ಹೋಗುವುದಿಲ್ಲವೇ ಎಂದು ಕೇಳಿದಳು. ಆ ಪ್ರಶ್ನೆಗೆ ಹುನಗುಂದದ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ.

ಮಹೇಶ್ವರಿಯಾದರೂ ಕೈಹಿಡಿದಾಳೆಂದು ಅಡಿಗೆಮನೆಗೆ ಹೋದರೆ ಅವಳು ಲವಲವಿಕೆಯಿಂದ ಇದ್ದಳು. ಮಗ್ಗಕ್ಕೆ ರಜೆಯೆಂದರೆ ಗಂಡ ಖಾಲಿ ಎಂದು ಲೆಕ್ಕ ಹಾಕಿ ಎಂಟು ತಿಂಗಳಿಂದ ಬಾಕಿ ಬಿದ್ದ ಕೆಲಸಗಳನ್ನು ಬೆರಳು ಮಡಚಿ ಹೇಳತೊಡಗಿದಳು. ಮೊದಲನೆಯದಾಗಿ ಹದಿನೈದು ಕಿಲೋ ಜೋಳ ಅವನ ಹೆಗಲೇರಿತು. ಗಿರಣಿಯಲ್ಲಿ ಅಮಾವಾಸ್ಯೆಯ ರಜೆಯಲ್ಲಿದ್ದ ಓಣಿಯ ಗಂಡಸರೆಲ್ಲ ಸಾಲಾಗಿ ನಿಂತಿದ್ದರು. ಹಿಟ್ಟು ಕೈಗೆ ಬರುವಾಗ ಹನ್ನೊಂದೂವರೆ. ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ, ಅಮರೇಶ ಹತ್ತು ವರ್ಷ ಹೆಚ್ಚು ವಯಸ್ಸಾದವನಂತೆ ಕಾಣುತ್ತಿದ್ದ.

ಹಿಟ್ಟಿನ ಡಬ್ಬಿ ಮನೆಯಲ್ಲಿಟ್ಟವನೇ ಬಸ್‌ಸ್ಟ್ಯಾಂಡಿನ ಹತ್ತಿರದ ರಮಜಾನನ ಮೊಬೈಲ್ ಅಂಗಡಿಗೆ ಓಡಿದ. ರಮಜಾನ ಶಾಲೆಯ ದಿನಗಳ ಗೆಳೆಯ. ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ, ಇದಕ್ಕೇನು ಮಹಾ, ಆಟದ ಖಾತೆಯನ್ನು ನನ್ನ ಫೋನಿನಿಂದಲೇ ತೆರೆಯೋಣ ಎಂದ. ತೆರೆಯಲು ಹೋದರೆ ಆಟ ಗುರುತು ಕೇಳಿತು: ನಿಮ್ಮ ನಂಬರಿಗೆ ಆರು ಅಂಕಿ ಕಳಿಸಿದ್ದೇವೆ, ಎರಡು ನಿಮಿಷದೊಳಗೆ ತಿಳಿಸಿ. ಆ ನಂಬರು ಬನಶಂಕರಿಯ ಪಾದದಲ್ಲಿತ್ತು.

ಕೊನೆಗೆ ಅಮರೇಶ ಅಂಗಡಿಯ ಇನ್ನೊಂದು ಫೋನಿನಿಂದ ಲಾಲಬಿಗೆ ಫೋನು ಮಾಡಿದ. ಕೆಡಿಸಿದವಳೇ ಸರಿಪಡಿಸಲಿ ಎಂಬುದೂ ಅದರಲ್ಲಿತ್ತು. "ಖಾಲಾ, ಒಂದೀಟು ನಮ್ಮನಿಗೆ ಹೋಗ್ರಿ. ಜಗಲಿ ಮ್ಯಾಲೆ ನನ್ನ ಫೋನದಾಗ ಆರು ಅಂಕಿ ಬಂದಿರ್ತಾವ. ಅವ್ವಗ ಹೇಳಬ್ಯಾಡ್ರಿ, ಸುಮ್ನ ನೋಡಿ ಹೇಳ್ರಿ."

ಲಾಲಬಿ ಪರೋಪಕಾರಿ. ಸಕ್ಕರೆ ಕೇಳುವ ನೆಪದಲ್ಲಿ ಒಳಹೊಕ್ಕಳು. ನಾಲ್ಕು ಅಂಕಿ ಸರಿಯಾಗಿ ಓದಿ ಹೇಳಿದಳು. ಉಳಿದೆರಡು ಕುಂಕುಮದಡಿ ಇದ್ದವು. ಊಹಿಸಿ ಹೇಳಿದಳು, ತಪ್ಪಾಯಿತು. ರಮಜಾನ ಮತ್ತೆ ಅಂಕಿ ತರಿಸಿದ. ಈ ಸಲ ವಿಭೂತಿಯ ಗೆರೆ ಅಡ್ಡ ಬಂತು. ಮೂರನೆಯ ಸಲ ಚೆಂಡುಹೂ ಜಾರಿ ಪರದೆಯ ಮೇಲೆ ಕೂತಿತು. ನಾಲ್ಕನೆಯ ಸಲ ಲಾಲಬಿ ಸೆರಗಿನ ತುದಿಯಿಂದ ಒರೆಸಲು ಹೋದಾಗ ಹಿಂದೆ ಅಂಬವ್ವ ನಿಂತಿದ್ದಳು. ಸಕ್ಕರೆ ಜಗಲಿಯ ಮೇಲೆ ಯಾಕೆ ಹುಡುಕುತ್ತೀ ಎಂದು ಅವಳು ಕೇಳಿದ್ದೂ, ಲಾಲಬಿ ನಡೆದದ್ದನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಹೇಳಿದ್ದೂ ಅಮರೇಶನಿಗೆ ಫೋನಿನಲ್ಲೇ ಕೇಳಿಸಿತು. ಐದನೆಯ ಸಲಕ್ಕೆ ಆಟವೇ ಬೇಸತ್ತು, ಬೇರೆ ಫೋನಿನಿಂದ ತೆರೆಯುವುದಾದರೆ ಇಪ್ಪತ್ತನಾಲ್ಕು ತಾಸು ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

ಮನೆಗೆ ಬಂದಾಗ ಎರಡು ಗಂಟೆ. ಅಂಬವ್ವ ಬೈಯಲಿಲ್ಲ. ಹೋಳಿಗೆ ಬಡಿಸಿ, ತುಪ್ಪ ಹಾಕಿ, ಮಗ ಕೆಲಸದ ಮೇಲೆ ಇಷ್ಟು ಜೀವ ಇಟ್ಟಿದ್ದಾನಲ್ಲ, ಅವನಪ್ಪ ಇದ್ದಿದ್ದರೆ ನೋಡಿ ಹಿಗ್ಗುತ್ತಿದ್ದ ಎಂದು ಸೊಸೆಯ ಮುಂದೆ ಹೇಳಿದಳು. ಅಮರೇಶ ಎರಡನೆಯ ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿದ. ಬೈದಿದ್ದರೆ ಆರಾಮಾಗಿ ಇನ್ನೆರಡು ತಿನ್ನುತ್ತಿದ್ದ.

ಊಟವಾದ ಮೇಲೆ ಅಂಬವ್ವ ಜಗಲಿಯ ಮುಂದೆಯೇ ಚಾಪೆ ಹಾಸಿ ಮಲಗಿದಳು. ಗೊರಕೆ ಹದಕ್ಕೆ ಬರುವವರೆಗೂ ಕಾದ ಅಮರೇಶ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಅವಳನ್ನು ದಾಟುವಂತಿಲ್ಲವಾದ್ದರಿಂದ ಗೋಡೆಗೆ ಒತ್ತಿ ನಿಂತು, ಒಂದು ಕಾಲಿನ ಮೇಲೆ ಬಾಗಿ ಬಲಗೈ ಚಾಚಿದ. ಫೋನು ಎರಡು ಬೆರಳಿಗೆ ತಾಗಿತು. ಆಗಲೇ ಅದು ಗುರ್ ಎಂದು ನಡುಗಿತು. ಅಂಗಿ ಎಲ್ಲಿ ಎಂದು ಬ್ಲ್ಯಾಕ್ ಟೈಗರ್ ಕೇಳಿದ್ದ. ಬೆಚ್ಚಿದ ಅಮರೇಶನ ಕೈ ದೀಪದ ಮೇಲೆ ಇಳಿಯಿತು. ಅವನ ಕೂಗಿಗೆ ಅಂಬವ್ವ ಎದ್ದಳು, ಮಹೇಶ್ವರಿ ಓಡಿಬಂದಳು, ಗೋಡೆಯಾಚೆಯಿಂದ ಲಾಲಬಿಯೂ ಬಂದಳು.

ಹೆಬ್ಬೆರಳೂ ಮುಂದಿನೆರಡು ಬೆರಳೂ ಬೊಬ್ಬೆ ಎದ್ದಿದ್ದವು. ಮಹೇಶ್ವರಿ ತಣ್ಣೀರಲ್ಲಿ ಅದ್ದಿಸಿದಳು. ಲಾಲಬಿ ತನ್ನ ಮನೆಯ ಮುಲಾಮು ಮೆತ್ತಿ, ಹಳೆಯ ಧೋತರದ ಚೂರು ಸುತ್ತಿ ಸುತ್ತಿ ಕೈಯನ್ನು ತೆಂಗಿನಕಾಯಿಯ ಗಾತ್ರಕ್ಕೆ ತಂದಳು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟಿದರೆ ದೇವಿ ಹೀಗೆಯೇ ತೋರಿಸುವುದು ಎಂದು ಅಂಬವ್ವ ಕೈಮುಗಿದಳು. ಮಾತು ಅಂಗಳಕ್ಕೆ ಹೋಯಿತು, ಅಂಗಳದಿಂದ ಓಣಿಗೆ. ಮಗ್ಗಗಳಿಗೆ ರಜೆಯಿದ್ದದ್ದರಿಂದ ಓಣಿಗೆ ಬೇರೆ ಕೆಲಸವೂ ಇರಲಿಲ್ಲ.

ನಾಲ್ಕಕ್ಕೆ ನಿಂಗಣ್ಣನನ್ನು ಕರೆಸಿದರು. ಎಂಬತ್ತು ದಾಟಿದ ಹಿರಿಯ ನೇಕಾರ. ಯಾವ ಮಗ್ಗಕ್ಕೆ ಯಾವ ಕಟ್ಟಳೆ ಎಂಬುದರಲ್ಲಿ ಅವನ ಮಾತಿಗೆ ಓಣಿಯಲ್ಲಿ ಎದುರಿಲ್ಲ. ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಅಮರೇಶನನ್ನು ಎದುರಿಗೆ ನಿಲ್ಲಿಸಿ ವಿಚಾರಣೆ ಶುರುಮಾಡಿದ. ಫೋನಿನ ಮಗ್ಗಕ್ಕೆ ಉದ್ದೆಳೆಯ ಹಾಸು ಇದೆಯೇ ಎಂದು ಕೇಳಿದ. ಇದೆ ಎಂದ ಅಮರೇಶ. ಅಡ್ಡೆಳೆಯ ಹೊಕ್ಕು? ಇದೆ. ಲಾಳಿ? ಅದೂ ಇದೆ. ನಿಂಗಣ್ಣ ಬಹಳ ಹೊತ್ತು ಅಗಿದ. ಅಮರೇಶನ ಕಣ್ಣು ಎದುರಿನ ಮನೆಯ ಗಡಿಯಾರದ ಮೇಲಿತ್ತು. ನಾಲ್ಕೂಕಾಲು.

"ಹಂಗಾರ ಅದು ಮಗ್ಗನ," ಎಂದ ನಿಂಗಣ್ಣ. "ಮಗ್ಗ ಆದ್ರ ಇವತ್ತ ಮುಟ್ಟಂಗಿಲ್ಲ. ಮಗ್ಗ ಅಲ್ಲಂದ್ರ ಮುಟ್ಟಾಕ ಯಾರ ಅಡ್ಡಿನೂ ಇಲ್ಲ. ಆದ್ರ ಎಂಟು ತಿಂಗಳು ನಿಮ್ಮವ್ವಗ ಏನಂತ ಹೇಳಿದ್ದಿ, ಅದನ್ನ ನೀನ ನೋಡ್ಕೊ."

ಮುದುಕ ಹಗ್ಗವನ್ನು ಎರಡೂ ಕಡೆಯಿಂದ ಎಳೆದು ಗಂಟು ಹಾಕಿಬಿಟ್ಟಿದ್ದ. ಅಮರೇಶ ಸುತ್ತ ನೋಡಿದ. ಈ ಕಡೆ, ಬಾಯಿ ಮುಚ್ಚಿಕೊಂಡರೆ ಓಣಿಯ ಮರ್ಯಾದೆ, ಹೆಂಡತಿಯ ಚಹಾ, ತಾಯಿಯ ಹೆಮ್ಮೆ ಎಲ್ಲವೂ ಉಳಿಯುತ್ತವೆ. ಆ ಕಡೆ, ಇಪ್ಪತ್ತು ಜನ ಮೂರು ತಿಂಗಳು ಕಾಡು ಅಲೆದು ಕೂಡಿಸಿದ ರೇಷ್ಮೆ ಅವನನ್ನು ನಂಬಿ ಕೂತಿದೆ. ಮುಖ ನೋಡದೆ ನಂಬಿದವರು. ಗಡಿಯಾರ ನಾಲ್ಕೂವರೆ ತೋರಿಸಿತು. ಅವನಿಗೆ ತಾಯಿ ಮಧ್ಯಾಹ್ನ ಬಡಿಸಿದ ಹೋಳಿಗೆಯೂ ನೆನಪಾಯಿತು. ಇನ್ನು ಆಗದು ಅನ್ನಿಸಿತು.

"ಅದು ಮಗ್ಗ ಅಲ್ಲ ಬೇ," ಎಂದ ತಾಯಿಯ ಕಡೆ ತಿರುಗಿ. "ಆಟ ಅದು. ನಾ ಸುಳ್ಳು ಹೇಳಿದ್ನಿ. ನನಗ ನೇಯಾಕ ಬರೂದಿಲ್ಲ, ಅವತ್ತೂ ಬರ್ತಿದ್ದಿಲ್ಲ, ಇವತ್ತೂ ಬರೂದಿಲ್ಲ."

ಲಾಲಬಿ ಬಾಯಿಗೆ ಸೆರಗು ಹಿಡಿದಳು. ಮಹೇಶ್ವರಿ ಎಂಟು ತಿಂಗಳ ಚಹಾದ ಬಟ್ಟಲುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಅಂಬವ್ವ ಒಳಗೆ ಹೋದಳು. ಆ ಅರ್ಧ ನಿಮಿಷದಷ್ಟು ಉದ್ದದ ಸಮಯವನ್ನು ಅಮರೇಶ ಜೀವನದಲ್ಲಿ ಕಳೆದಿರಲಿಲ್ಲ. ಅವಳು ಹೊರಬಂದಾಗ ಕೈಯಲ್ಲಿ ಫೋನಿತ್ತು. ಸೆರಗಿನಿಂದ ಕುಂಕುಮ ಒರೆಸುತ್ತಿದ್ದಳು.

"ಆಟ ಆಡ್ತೇನಿ ಅಂದಿದ್ರ ನಾಕ್ ಬೈದು ಸುಮ್ನಾಗ್ತಿದ್ನಿ," ಎಂದಳು. "ಅದಕ್ಯಾಕ ನಿಮ್ಮಪ್ಪನ ಫೋಟೋದ ಮುಂದ ನನ್ನ ನಿಂದ್ರಿಸಿದಿ. ತಗೋ."

ಅವಮಾನದಿಂದ ಕಿವಿ ಬಿಸಿಯಾಗಿದ್ದರೂ ಅಮರೇಶನಿಗೆ ಎದೆಯ ಮೇಲಿನ ಬಂಡೆ ಸರಿದ ಹಾಗಾಯಿತು. ಸುಳ್ಳಿನ ಸುಖ ದೊಡ್ಡದು ನಿಜ, ಆದರೆ ಅದರ ಭಾರವೂ ಹದಿನೈದು ಕಿಲೋ ಜೋಳಕ್ಕೆ ಕಡಿಮೆಯಿರಲಿಲ್ಲ ಎಂದು ಆಗಷ್ಟೇ ಗೊತ್ತಾಯಿತು. ಕಟ್ಟೆಯ ಮೇಲೆ ಕೂತು ಎಡಗೈಯಿಂದ ಆಟ ತೆರೆದ. ನಾಲ್ಕು ನಲವತ್ತು.

ಸಾದಾ ಬಟ್ಟೆಯಾದರೆ ಗುಂಡಿ ಒತ್ತಿದರೆ ಸಾಕು, ಆಟ ತಾನೇ ನೇಯುತ್ತದೆ. ಮಂತ್ರದ ನಿಲುವಂಗಿ ಹಾಗಲ್ಲ. ಪರದೆಯ ಎಡಗಡೆಯಿಂದ ಒಂದೆಳೆ ಇಳಿಯುತ್ತದೆ, ಬಲಗಡೆಯಿಂದ ಒಂದೆಳೆ. ಎರಡನ್ನೂ ಬೆರಳಿನಿಂದ ಸೆಳೆದು, ನೆಲ ಮುಟ್ಟುವುದರೊಳಗೆ ಒಂದರಲ್ಲೊಂದು ಸಿಕ್ಕಿಸಬೇಕು. ನೂರಿಪ್ಪತ್ತು ಜೋಡಿ. ಮೂವತ್ತಕ್ಕಿಂತ ಹೆಚ್ಚು ತಪ್ಪಿದರೆ ಅಂಗಿ ಹರಿದು ರೇಷ್ಮೆಯೆಲ್ಲ ಮಣ್ಣುಪಾಲು. ಒಳ್ಳೆಯ ಕೈಯಿದ್ದ ದಿನವೂ ಅಮರೇಶ ಇಪ್ಪತ್ತೈದಾದರೂ ತಪ್ಪುತ್ತಿದ್ದ. ಈಗ ಬಲಗೈ ತೆಂಗಿನಕಾಯಿ. ಎಡಗೈಯಲ್ಲಿ ಅಭ್ಯಾಸದ ಸುತ್ತು ಆಡಿ ನೋಡಿದ. ಹತ್ತರಲ್ಲಿ ಏಳು ತಪ್ಪಿತು. ಮಹೇಶ್ವರಿಗೆ ಕೊಟ್ಟ, ಅವಳು ಸಿಟ್ಟಿನಲ್ಲಿ ಒತ್ತಿದ್ದಕ್ಕೆ ಎಂಟು ತಪ್ಪಿತು. ಲಾಲಬಿ ಕನ್ನಡಕ ತರಲು ಹೋದವಳು ಬರಲೇ ಇಲ್ಲ. ನಾಲ್ಕು ಐವತ್ತು. ಮರ್ಯಾದೆಯೂ ಹೋಯಿತು, ತಂಡವೂ ಹೋಗುತ್ತಿದೆ. ಎರಡನ್ನೂ ಒಂದೇ ದಿನ ಕಳೆದುಕೊಳ್ಳುವುದಕ್ಕೆ ವಿಶೇಷ ಯೋಗ್ಯತೆ ಬೇಕು.

ಅಷ್ಟು ಹೊತ್ತೂ ಭುಜದ ಹಿಂದೆ ನಿಂತು ನೋಡುತ್ತಿದ್ದ ಅಂಬವ್ವ ಬಗ್ಗಿದಳು. "ಇದು ಕೊಂಡಿ ಹಾಕೂದಲ್ಲೇನು?"

ಅಮರೇಶ ತಲೆ ಎತ್ತಿದ. "ಯವ್ವಾ, ಇವತ್ತ ಅಮಾಸಿ."

"ಮಗ್ಗಕ್ಕ ಅಮಾಸಿ. ಆಟಕ್ಕ ಎಲ್ಲೀದು. ಕೊಡಿಲ್ಲಿ."

ಅವಳು ಕಟ್ಟೆಯ ಮೇಲೆ ಕಾಲು ಮಡಿಚಿ ಕೂತು, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಭ್ಯಾಸದ ಸುತ್ತು ಆಡದೆಯೇ ಶುರುಮಾಡಿದಳು. ಮೊದಲ ಎಳೆಯೇ ತಪ್ಪೀತೆಂದುಕೊಂಡ ಅಮರೇಶ. ತಪ್ಪಲಿಲ್ಲ. ಎರಡನೆಯದೂ ತಪ್ಪಲಿಲ್ಲ. ಐವತ್ತು ವರ್ಷಗಳಿಂದ ಎಳೆ ಹುಡುಕಿದ ಬೆರಳುಗಳು. ಎಡದ್ದು ಹಿಡಿಯುವಾಗಲೇ ಬಲದ್ದು ಬಂದು ಕೂಡುತ್ತಿತ್ತು. ಮೂವತ್ತರ ನಂತರ ಅವಳು ಪರದೆ ನೋಡುವುದನ್ನೂ ಬಿಟ್ಟು, ನಿಂಗಣ್ಣನ ಮೊಮ್ಮಗಳ ಬಾಣಂತನದ ವಿಷಯ ವಿಚಾರಿಸತೊಡಗಿದಳು. ಎಳೆಗಳು ಇಳಿಯುತ್ತಲೇ ಇದ್ದವು, ಕೂಡುತ್ತಲೇ ಇದ್ದವು. ಓಣಿಯ ಜನ ಒಬ್ಬರ ಮೇಲೊಬ್ಬರು ಬಾಗಿ ನೋಡುತ್ತಿದ್ದರು. ನೂರಿಪ್ಪತ್ತೂ ಮುಗಿದಾಗ ಒಂದೂ ತಪ್ಪಿರಲಿಲ್ಲ.

ಫೋನು ಒಮ್ಮೆಲೇ ಬಂಗಾರದ ಬಣ್ಣಕ್ಕೆ ತಿರುಗಿ ತುತ್ತೂರಿ ಊದಿತು. ಆಟದಲ್ಲಿ ಬಟ್ಟೆಗೆ ಸಾದಾ, ಉತ್ತಮ, ಅತ್ಯುತ್ತಮ ಎಂಬ ಮೂರು ದರ್ಜೆಗಳಿವೆಯೆಂದು ಅಮರೇಶ ತಿಳಿದಿದ್ದ. ಅವನ ಬಟ್ಟೆ ಎಂದೂ ಉತ್ತಮವನ್ನು ದಾಟಿರಲಿಲ್ಲ. ಪರದೆಯ ಮೇಲೆ ಈಗ ಬಂದದ್ದು ನಾಲ್ಕನೆಯದು: ದೈವಿಕ. ಎಡಗೈಯಿಂದ ಅಂಗಿಯನ್ನು ನಾಯಕನಿಗೆ ಕಳಿಸಿದ. ನಾಲ್ಕು ಐವತ್ತೇಳು.

"ಖರೆ ಮಗ್ಗ ಇದ್ದಿದ್ರ ಇಷ್ಟೊತ್ತಿಗೆ ಸೊಂಟ ಹಿಡೀತಿತ್ತು," ಎಂದು ಅಂಬವ್ವ ನಿಂಗಣ್ಣನಿಗೆ ಹೇಳಿದಳು. ನಿಂಗಣ್ಣ ಒಪ್ಪಿದ. ಇದು ಮಗ್ಗವಲ್ಲ ಎಂಬುದಕ್ಕೆ ಅವನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಐದೂಮುಕ್ಕಾಲಿಗೆ ಅಗ್ನಿಸರ್ಪ ಸತ್ತ ಸುದ್ದಿ ಬಂತು. ಬ್ಲ್ಯಾಕ್ ಟೈಗರ್ ಬೆಂಕಿಯ ನಡುವೆ ನಿಂತಿದ್ದನಂತೆ, ಒಂದು ಕೂದಲೂ ಸುಡಲಿಲ್ಲವಂತೆ. ಅಮರೇಶ ಕಟ್ಟೆಗೆ ಒರಗಿ ಕಣ್ಣುಮುಚ್ಚಿದ. ಬೆರಳು ಉರಿಯುತ್ತಿದ್ದವು, ಹೊಟ್ಟೆ ಮಾತ್ರ ತಣ್ಣಗಿತ್ತು. ಉಳಿದೆ ಅಂದುಕೊಂಡ. ಎಲ್ಲ ಸುಳ್ಳೂ ಕಳೆಯಿತು, ಮಾಸ್ಟರ್‌ಗಿರಿಯೂ ಉಳಿಯಿತು.

ಅಷ್ಟರಲ್ಲಿ ನಾಯಕನ ಇಂಗ್ಲಿಷ್ ಸಂದೇಶ ಬಂತು. ನಿಜ ಹೇಳು, ಇದನ್ನು ನೇಯ್ದವರು ಯಾರು, ಇದು ನಿನ್ನ ಕೈಯಲ್ಲ ಎಂದು ಕೇಳಿದ್ದ. ಅಮರೇಶ ಬೇರೆ ದಿನವಾಗಿದ್ದರೆ ಏನಾದರೂ ಹೊಸೆಯುತ್ತಿದ್ದ. ಆದರೆ ಆ ದಿನ ಖರೆ ಹೇಳಿದ ರುಚಿ ಇನ್ನೂ ನಾಲಗೆಯ ಮೇಲಿತ್ತು. ನನ್ನ ತಾಯಿ ಎಂದು ಬರೆದ. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು.

"ತಾಯಿಗೆ ನಮ್ಮೆಲ್ಲರ ನಮಸ್ಕಾರ. ಇಂದಿನಿಂದ ಈ ಖಾತೆ ಅವರ ಕೈಯಲ್ಲೇ ಇರಲಿ. ಎಂಟು ತಿಂಗಳು ಸಂಭಾಳಿಸಿದ್ದಕ್ಕೆ ನಿನಗೂ ಧನ್ಯವಾದ."

ಅಂಬವ್ವ ಓದಿಸಿ ಕೇಳಿದಳು. ಪರದೇಶದವನಾದರೂ ಮಾತು ಮರ್ಯಾದೆಯದು ಎಂದಳು. ತಂಡದಲ್ಲಿ ಇನ್ನೂ ಹತ್ತೊಂಬತ್ತು ಜನ ಅಂಗಿಯಿಲ್ಲದೆ ಇದ್ದಾರೆಂದು ಗೊತ್ತಾದಾಗ, ಪಾಪ, ಎಂದು ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಳು. ರೇಷ್ಮೆ ಮುಗಿದಿದೆ ಎಂದು ಆಟ ತೋರಿಸಿತು. ಅದನ್ನು ಕೂಡಿಸಿ ತರುವವರು ಯಾರು ಎಂದು ಕೇಳಿದಳು. ಬೇರೆ ಆಟಗಾರರು ಕಾಡಿನಲ್ಲಿ ಅಲೆದು ತಂದುಕೊಡಬೇಕು ಎಂದು ಅಮರೇಶ ವಿವರಿಸಿದ. ವಿವರಿಸಬಾರದಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

ಸುದ್ದಿ ಕೇಳಿ ನೋಡಲು ಬಂದಿದ್ದ ರಮಜಾನ ಅಂಗಡಿಯಿಂದ ಹಳೆಯದೊಂದು ಫೋನು ತರಿಸಿ, ಹೊಸ ನಂಬರು ಹಾಕಿ ಕೊಟ್ಟ. ದೀಪ ಹಚ್ಚುವ ಹೊತ್ತಿಗೆ ಅಮರೇಶ ಎಡಗೈಯಲ್ಲಿ ಮೊದಲನೆಯ ಹಂತದಿಂದ ಹೊಸ ಖಾತೆ ತೆರೆದು ಅದೇ ತಂಡ ಸೇರಿದ. ಕತ್ತಿ ಇಲ್ಲ, ಕಸುಬು ಇಲ್ಲ, ಬರಿಗಾಲು, ಕೈಯಲ್ಲೊಂದು ಬುಟ್ಟಿ. ಈಚೆ ಕಡೆಯಿಂದ ಮಹೇಶ್ವರಿ, ನೇಯುವ ನೆಪ ಇನ್ನಿಲ್ಲವಾದ್ದರಿಂದ ನಾಳೆಯಿಂದ ನೀರು ತುಂಬುವುದು ನಿಮ್ಮದೇ ಎಂದು ತಿಳಿಸಿದಳು.

"ಕೆಂಪು ರೇಷ್ಮಿ ಲಗೂನ ತಾ," ಎಂದಳು ಅಂಬವ್ವ ಆಚೆ ಕಡೆಯಿಂದ, ಫೋನಿನಿಂದ ಕಣ್ಣು ತೆಗೆಯದೆ.

ಅಮರೇಶ ಕಾಡಿನ ಕಡೆ ಹೆಜ್ಜೆಯಿಟ್ಟ. ಮೊದಲ ಜೇಡನನ್ನು ಹುಡುಕುತ್ತಿರುವಾಗ ಪರದೆಯ ಮೇಲೆ ಬ್ಲ್ಯಾಕ್ ಟೈಗರ್‌ನ ಸಂದೇಶ ಮೂಡಿತು. ಹೊಸದಾಗಿ ಬಂದವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನಾಯಕನಾದವನು ಎಲ್ಲ ಹೊಸಬರಿಗೂ ಕಳಿಸುವ ಸ್ವಾಗತ ಅದು. "ತಮ್ಮಾ, ನೀನು ಪುಣ್ಯವಂತ. ನಮ್ಮ ತಂಡದಲ್ಲಿ ನಿಜವಾದ ಮಾಸ್ಟರ್ ಒಬ್ಬರಿದ್ದಾರೆ. ಅವರು ಹೇಳಿದ್ದಷ್ಟು ಮಾಡು. ತಾಳ್ಮೆಯಿದ್ದರೆ ಎಂದಾದರೂ ಒಂದು ದಿನ ನೀನೂ ನೇಯುವುದು ಕಲಿತೀಯೆ."